ಮೊದಲ ದೋಣಿಯ ದವಡೆ

ಒಂಬತ್ತನೇ ಕಂತು

ಮೂರನೆಯ ಸಲವೂ ಗಂಟು ಸಬಿನೊನ ಕೈಗೆ ಒಗ್ಗಲಿಲ್ಲ.

ತೆಂಗಿನ ನಾರಿನ ಹಗ್ಗದ ಒಂದು ತುದಿಯನ್ನು ಕಾಲ್ಬೆರಳಿಗೆ ಸಿಕ್ಕಿಸಿ, ಇನ್ನೊಂದನ್ನು ಹಲ್ಲಿನಲ್ಲಿ ಕಚ್ಚಿ, ಅವನು ಬೆಳಗಿನಿಂದ ತರೇಸಿಯಾಳ ಮನೆಯ ಮುಂದಿನ ಚಾಪೆಯ ಮೇಲೆ ಒದ್ದಾಡುತ್ತಿದ್ದ. ಎದುರಿಗೆ ಮರದ ಪೆಟ್ಟಿಗೆ. ಅದರಲ್ಲಿ ಎರಡು ಸಾವಿರ ವರ್ಷದ ದವಡೆಮೂಳೆ ಇರಬೇಕಿತ್ತು. ಇದ್ದದ್ದು ಅಷ್ಟೇ ತೂಕದ ಹವಳದ ಕಲ್ಲು.

ಪೆಟ್ಟಿಗೆಗೆ ಬಿಗಿದಿದ್ದ ಹಗ್ಗವನ್ನು ಅವನು ಹಿಂಬದಿಯಿಂದ ಕತ್ತರಿಸಿದ್ದ, ಗಂಟು ಹಾಗೇ ಉಳಿಯಲೆಂದು. ಆ ಗಂಟು ಈಗ ಮುಚ್ಚಳದ ಮೇಲೆ ಏಡಿಯಂತೆ ಕೂತಿತ್ತು. ಎಳೆದಷ್ಟೂ ಬಿಗಿಯುತ್ತದೆ, ಸಡಿಲಿಸುವ ತುದಿ ಎಲ್ಲಿದೆ ಎಂದು ಕಾಣುವುದಿಲ್ಲ. ಮೂಳೆ ಕದ್ದವನು ಕಲ್ಲಿಟ್ಟು, ಪುರುಸೊತ್ತಿನಿಂದ ಇದನ್ನು ಮತ್ತೆ ಬಿಗಿದು ಹೋಗಿದ್ದಾನೆ.

"ಎದ್ದೇಳೋ ಮಾರಾಯ," ಎಂದಳು ತರೇಸಿಯಾ ಅಡುಗೆ ಗುಡಿಸಲ ಕಡೆಯಿಂದ. ಎರಡೂ ಕೈಯಲ್ಲಿ ಕೆಸುವಿನ ಗೆಡ್ಡೆಯ ಪಾತ್ರೆ ಹಿಡಿದು, ಮಂಡಿ ಮಡಚಿ, ಬೆನ್ನು ಬಗ್ಗಿಸಿ ನಿಂತಿದ್ದಳು. "ನೀನು ಪೊಲೀಸಾಗಿರ್ಬೋದು, ನನ್ ಮಂಡಿಗೆ ಅದು ಗೊತ್ತಾಗಲ್ಲ. ಬೆಳಿಗ್ಗೆಯಿಂದ ಹನ್ನೊಂದು ಸಲ ಬಗ್ಗಿದೀನಿ."

ಸಬಿನೊ ಗಡಬಡಿಸಿ ಎದ್ದು ನಿಂತ. ಅವಳು ನೆಟ್ಟಗಾಗಿ, ಉಸ್ಸೆಂದು, ದಾಟಿ ಹೋದಳು.

ತರೇಸಿಯಾ ಅವನ ತಾಯಿಯ ಕುಲದವಳು, ಎಂದರೆ ತಂಗಿ. ಅಣ್ಣತಮ್ಮಂದಿರು ಕೂತಿರುವಾಗ ಅಕ್ಕತಂಗಿಯರು ನೆಟ್ಟಗೆ ದಾಟಿ ಹೋಗುವಂತಿಲ್ಲ. ಬಗ್ಗಬೇಕು, ತೀರ ಹತ್ತಿರವಾದರೆ ಮೊಣಕಾಲೂರಿಯೇ ಸಾಗಬೇಕು. ಅಣ್ಣ ಎದ್ದು ನಿಂತನೋ, ತಂಗಿಯ ಮಂಡಿ ಬಚಾವು. ರಾಜಧಾನಿಯ ಠಾಣೆಯಲ್ಲಿ ಹನ್ನೆರಡು ವರ್ಷ ಕುರ್ಚಿಯ ಮೇಲೆ ಕೂತ ಸಬಿನೊಗೆ ಇದು ಮರೆತೇ ಹೋಗಿತ್ತು. ಈ ಸಲ ವೆನಿಯಾಂಗ್ ದ್ವೀಪಕ್ಕೆ ಬಂದಿಳಿದ ಎರಡು ದಿನದಲ್ಲಿ ಅರ್ಧ ಊರು ಅವನಿಗೆ ನೆತ್ತಿಯನ್ನೇ ತೋರಿಸಿತ್ತು. ಪೊಲೀಸನ ಸಮವಸ್ತ್ರಕ್ಕೆ ಇಷ್ಟು ಮರ್ಯಾದೆಯೇ ಎಂದು ಮೊದಲ ದಿನ ಒಂದು ಗಳಿಗೆ ಉಬ್ಬಿದ್ದೂ ಉಂಟು.

ಆಚೆ ದಾರಿಯಲ್ಲಿ ಇನಮಾರ್ ಹೋಗುತ್ತಿದ್ದಳು. ಸೊಂಟದ ಮೇಲೆ ಬುಟ್ಟಿ, ಬೆನ್ನು ಹಾಯಿಕಂಬದ ಹಾಗೆ ನೆಟ್ಟಗೆ. ಸೂತಕಕ್ಕೆಂದು ಕತ್ತರಿಸಿದ ಕೂದಲು ಇನ್ನೂ ಕಿವಿಯ ಕೆಳಗಿಳಿದಿರಲಿಲ್ಲ.

"ಅವಳನ್ನ ನೋಡು, ಪಾಪ," ಎಂದಳು ತರೇಸಿಯಾ ಸ್ವರ ತಗ್ಗಿಸಿ. "ನಮಗೆ ಬಗ್ಗಿ ಬಗ್ಗಿ ಸಾಕಾಯ್ತು ಅಂತೀವಿ. ಬಗ್ಗೋಕೆ ಅವಳಿಗೆ ಯಾರಿದಾರೆ?"

ಇನಮಾರಳಿಗೆ ಇದ್ದವನು ಒಬ್ಬನೇ ಅಣ್ಣ, ಒಲಿಗುರ್. ಎಂಟು ತಿಂಗಳ ಹಿಂದೆ ಪಕ್ಕದ ದ್ವೀಪಕ್ಕೆಂದು ಹಾಯಿ ಬಿಚ್ಚಿದವನು ತಲುಪಲಿಲ್ಲ. ಹನ್ನೊಂದನೆಯ ದಿನ ಖಾಲಿ ದೋಣಿ ಸಿಕ್ಕಿತು. ಒಂದು ಗಳಿಗೆಗೆಂದು ಬಂದಿಳಿದು, ಅದನ್ನು ನೋಡಿ 'ಸತ್ತಿದ್ದಾನೆ' ಎಂದು ವರದಿ ಬರೆದವನು, ಅದನ್ನು ಇನಮಾರಳಿಗೆ ಬಾಯಿಬಿಟ್ಟು ಹೇಳಿದವನು ಇದೇ ಸಬಿನೊ. ಅಂದಿನಿಂದ ಆ ಹೆಸರನ್ನು ಊರಲ್ಲಿ ಯಾರೂ ನಾಲಗೆಗೆ ತರುವುದಿಲ್ಲ.

ಅವನು ಮತ್ತೆ ಗಂಟನ್ನು ನೋಡಿದ. ತಲೆ ಗಿರ್ರೆನ್ನುತ್ತಿತ್ತು.

*

ಇದು ಕಡಲದಾರಿ ಬಲ್ಲ ರೆಗಿತೆಲ್ ಅಜ್ಜನ ಮನೆತನದ ಗಂಟು ಎಂದು ಊರಿಗೆಲ್ಲ ಗೊತ್ತು. ನಕ್ಷತ್ರ, ಅಲೆ, ಹಕ್ಕಿ ಇವನ್ನೆಲ್ಲ ಕಲಿತು ಮುಗಿಸಿದವನಿಗೆ ಮಾತ್ರ ಅಜ್ಜ ಈ ಗಂಟನ್ನು ಕೊನೆಯಲ್ಲಿ ಹೇಳಿಕೊಡುತ್ತಿದ್ದ. ಕಲಿತು ಮುಗಿಸಿದವನು ಒಬ್ಬನೇ, ಸೋದರಳಿಯ ಒಲಿಗುರ್. ಹುಡುಗನಾಗಿದ್ದಾಗ ಸಬಿನೊನೂ ಪಕ್ಕದ ದ್ವೀಪದಿಂದ ಬಂದು ಇಲ್ಲಿ ಕಲಿಯಲು ಕೂತಿದ್ದ. ಮೊದಲ ಪಯಣದಲ್ಲೇ ಅಜ್ಜನ ಕಾಲಮೇಲೆ ವಾಂತಿ ಮಾಡಿಕೊಂಡು ಮನೆಗೆ ಮರಳಿದ್ದ.

ಹಾಗಾಗಿ ಈ ಗಂಟು ಹಾಕಬಲ್ಲವನು ಈಗ ಭೂಮಿಯ ಮೇಲೆ ಒಬ್ಬನೇ, ಎಪ್ಪತ್ತೆಂಟರ ರೆಗಿತೆಲ್. ಪೆಟ್ಟಿಗೆ ಇದ್ದದ್ದೂ ಅಜ್ಜ ಹಗಲಿರುಳು ಕೂರುವ ದೋಣಿಮನೆಯ ಅಟ್ಟದಲ್ಲಿ. ಮೇಲಾಗಿ ಅಜ್ಜ ಆಗಲೇ ಒಪ್ಪಿಕೊಂಡಿದ್ದಾನೆ. ನಾನೇ ತೆಗೆದೆ, ಹವಳದ ದಂಡೆಯಾಚೆ ಕಡಲಿಗೆ ಬಿಟ್ಟೆ, ಹಿರಿಯರ ದವಡೆ ವಿಮಾನ ಹತ್ತಬಾರದು ಎಂದಿದ್ದಾನೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಸಬಿನೊ ಬೇಕಾದಷ್ಟು ಕಂಡಿದ್ದ. ಯಾರೂ ಕೇಳುವ ಮೊದಲೇ ಹೆಗಲು ಒಡ್ಡಿ ನಿಲ್ಲುವವನನ್ನು ಇದೇ ಮೊದಲು ಕಂಡದ್ದು.

ಹಡಗು ಇವತ್ತು ಇಳಿಹೊತ್ತಿಗೆ ಬರುತ್ತದೆ. ಮೂಳೆ ಒಯ್ಯಲು ಬರುವ ವಿದ್ವಾಂಸರು ಅದರಲ್ಲಿದ್ದಾರೆ. ಮೂಳೆ ಸಿಗದಿದ್ದರೆ ಅದೇ ಹಡಗಿಗೆ ಅಜ್ಜನನ್ನು ಹತ್ತಿಸಬೇಕು, ಮೇಲಿನವರ ಅಪ್ಪಣೆ. ನಾಲ್ಕು ಗೋಡೆಯ ಕೋಣೆಯಲ್ಲಿ, ನಕ್ಷತ್ರ ಕಾಣದ ಕಡೆ, ಆ ಮುದುಕ ಎಷ್ಟು ದಿನ ಬಾಳಿಯಾನು? ಅವನ ಜೊತೆಗೇ ಅವನ ತಲೆಯಲ್ಲಿರುವ ಅರವತ್ತು ದ್ವೀಪಗಳ ದಾರಿಯೂ ಮಣ್ಣಾಗುತ್ತದೆ.

ಕೂತಲ್ಲಿ ಬಗೆಹರಿಯದೆ ಅವನು ಎದ್ದು ದಂಡೆಯ ಕಡೆ ನಡೆದ.

ಮೊದಲು ಅಜ್ಜನ ಸಣ್ಣ ದೋಣಿ ನೋಡಿದ. ತೆಂಗಿನ ಗರಿ ಮುಚ್ಚಿ ಮರಳ ಮೇಲೆ ಎಳೆದಿಟ್ಟಿದ್ದರು. ಗರಿ ಸರಿಸಿದರೆ ಹಲಗೆಗಳು ಬಿಸಿಲಿಗೆ ಬಾಯಿಬಿಟ್ಟಿದ್ದವು, ಬಿರುಕಿನಲ್ಲಿ ಕಿರುಬೆರಳು ತೂರುತ್ತಿತ್ತು. ಪಕ್ಕದ ತೇಲುಮರಕ್ಕೂ ಒಡಲಿಗೂ ನಡುವೆ ಜೇಡ ನೆಮ್ಮದಿಯಾಗಿ ಬಲೆ ಕಟ್ಟಿತ್ತು. ಐದು ವಾರದಿಂದ ಮಳೆಯ ಹನಿಯಿಲ್ಲ. ಈ ದೋಣಿ ನೀರಿಗಿಳಿದಿದ್ದರೆ ಹತ್ತು ಹೆಜ್ಜೆಗೆ ಮುಳುಗುತ್ತಿತ್ತು. ಮತ್ತೆ ಹವಳದ ದಂಡೆಯಾಚೆ ಅಜ್ಜ ಹೋದದ್ದು ಯಾತರಲ್ಲಿ?

ಆಮೇಲೆ ನಾವಿಕರ ಒಲೆ. ಕಡಲದಾರಿ ಬಲ್ಲವರು ಊರ ಒಲೆಯ ಅನ್ನ ಉಣ್ಣುವುದಿಲ್ಲ. ಅವರದ್ದೇ ಬೇರೆ ಬೆಂಕಿ, ಅವರು ತಿಂದುಳಿದದ್ದನ್ನು ಎಲ್ಲೆಂದರಲ್ಲಿ ಎಸೆಯದೆ ಅದೇ ಬೂದಿಯಲ್ಲಿ ಸುಡಬೇಕು. ಆ ಒಲೆಯ ಕೆಲಸ ಇನಮಾರಳದು. ಸಬಿನೊ ಕಡ್ಡಿಯಿಂದ ಬೂದಿ ಕೆದಕಿದ. ಕರಟಿದ ಎಲೆಯ ನಡುವೆ ಕೇದಗೆ ಹಣ್ಣಿನ ಸೊಳೆಗಳು, ಅಗಿದು ನಾರುನಾರಾಗಿಸಿ ಉಗಿದವು. ಒಂದಲ್ಲ, ಎರಡಲ್ಲ, ಹದಿನೈದು ಇಪ್ಪತ್ತು. ಕೆಲವು ಇನ್ನೂ ಹಸಿಯಾಗಿದ್ದವು.

ಕೇದಗೆ ಅಗಿಯಲು ಕುದುರೆಯ ಹಲ್ಲು ಬೇಕು. ರೆಗಿತೆಲ್ ಅಜ್ಜನ ಬಾಯಲ್ಲಿ ಎರಡೇ ಹಲ್ಲು, ಅವೂ ಒಂದನ್ನೊಂದು ಭೇಟಿಯಾಗುವುದಿಲ್ಲ.

ಅಷ್ಟರಲ್ಲಿ ಇನಮಾರ್ ಬುಟ್ಟಿಯೊಂದಿಗೆ ಬಂದಳು. ಅವನ ಕೈಯಲ್ಲಿದ್ದ ಕಡ್ಡಿ ನೋಡಿದಳು, ಬೂದಿ ನೋಡಿದಳು. ಈ ಕೇದಗೆ ತಿಂದವರು ಯಾರೆಂದು ಅವನು ಕೇಳಿದ. ತಾನೇ ಎಂದಳು. ನಾವಿಕರ ಬೆಂಕಿಯಲ್ಲಿ ನಿನ್ನ ಎಂಜಲು ಹಾಕಬಹುದೇ ಎಂದದ್ದಕ್ಕೆ, ಮರೆತು ಹಾಕಿದೆ ಎಂದಳು. ಮರೆಯುವಂಥ ಹೆಂಗಸಲ್ಲ ಅವಳು.

"ತಂಗೀ, ನನ್ನಿಂದ ಏನಾದ್ರೂ ಮುಚ್ಚಿಡ್ತಿದೀಯಾ?" ಎಂದು ಸಬಿನೊ ಮೆತ್ತಗೆ ಕೇಳಿದ.

"ತಂಗಿ ಅನ್ಬೇಡಿ ಪೊಲೀಸ್ನೋರೆ. ಆಮೇಲೆ ನಿಮ್ಮ ಮುಂದೂ ನಾನು ಬಗ್ಗಬೇಕಾಗುತ್ತೆ." ಅವಳ ತುಟಿ ನಗುವಂತಾಗಿ ನಿಂತಿತು. "ನನ್ನಣ್ಣ ಸತ್ತ ಅಂತ ನೀವೇ ಬರ್ಕೊಂಡು ಹೋದ್ರಲ್ಲ. ಈಗ ಮಾವನ್ನೂ ಕರ್ಕೊಂಡು ಹೋಗಿ. ಬೇಗ ಹೋಗಿ."

ಬೇಗ ಹೋಗಿ ಎಂದದ್ದು ಅವನ ಕಿವಿಯಲ್ಲೇ ಉಳಿಯಿತು. ಮಾವನನ್ನು ಬಿಡಿ ಎಂದು ಕಾಲು ಹಿಡಿಯಬೇಕಾದವಳು ಯಾಕೆ ಅವಸರ ಮಾಡುತ್ತಾಳೆ?

*

ದೋಣಿಮನೆಯ ದಾರಿಯಲ್ಲಿ ಮುಖ್ಯಸ್ಥ ಕಸಿಯಾನೊ ಎದುರಾದ. ದೊಡ್ಡ ಹೊಟ್ಟೆ, ದೊಡ್ಡ ನಗು, ಸೊಂಟದ ಬಟ್ಟೆಗೆ ಸಿಕ್ಕಿಸಿದ ಒಂದು ಕಬ್ಬಿಣದ ಬೀಗದಕೈ. ಮುದುಕ ಒಪ್ಪಿಕೊಂಡ ಮೇಲೂ ಒಲೆ ಕೆದಕುತ್ತ ತಿರುಗುವುದೇಕೆ, ಬಾ, ಸೇಂದಿ ಕುಡಿ ಎಂದು ಕರೆದ.

ಅನುಮಾನ ಪಡಬೇಕಾದದ್ದು ನಿಜವಾಗಿ ಇವನ ಮೇಲೆ. ವೆನಿಯಾಂಗಿನಲ್ಲಿ ಮೊದಲ ದೋಣಿ ಕಟ್ಟಿದ ಕುಲಕ್ಕೇ ನೆಲ, ದಂಡೆ, ಮುಖ್ಯಸ್ಥಿಕೆ. ತನ್ನ ಕುಲ ಪಡುವಣದಿಂದ ಮೊದಲು ಬಂತು ಎನ್ನುತ್ತಾನೆ ಕಸಿಯಾನೊ. ತನ್ನದು ತೆಂಕಣದಿಂದ ಅದಕ್ಕೂ ಮೊದಲೇ ಬಂತು ಎನ್ನುತ್ತದೆ ರೆಗಿತೆಲ್‌ನ ನಕ್ಷತ್ರದ ಹಾಡು. ಎರಡು ವರ್ಷದ ಹಿಂದೆ ತೆಂಕಣ ತುದಿಯಲ್ಲಿ ಅಗೆದಾಗ ಈ ದವಡೆ ಸಿಕ್ಕಿತು. ಹಲ್ಲಿನೊಳಗೆ ತಾಯಿಯ ವಂಶದ ಗುರುತು ಸಾವಿರ ವರ್ಷವಾದರೂ ಅಳಿಯುವುದಿಲ್ಲವಂತೆ. ಇಲ್ಲಿ ಕುಲ ಬರುವುದೂ ತಾಯಿಯಿಂದಲೇ. ವಿದ್ವಾಂಸರು ಕಸಿಯಾನೊನ ಎಂಜಲನ್ನೂ ಇನಮಾರಳ ಎಂಜಲನ್ನೂ ಹತ್ತಿಯಲ್ಲಿ ಒರೆಸಿಕೊಂಡು ಹೋಗಿದ್ದರು. ಇನ್ನು ಹಲ್ಲು ಬಾಯಿಬಿಡುವುದಷ್ಟೇ ಬಾಕಿ ಇತ್ತು.

ಮೂಳೆ ಮಾಯವಾದರೆ ಲಾಭ ಕಸಿಯಾನೊಗೆ. ಒಪ್ಪಿಕೊಂಡವನು ರೆಗಿತೆಲ್. ಯಾರ ಬಾಯಿಗೆ ಯಾರ ಮಾತು ಇಟ್ಟಿದ್ದಾರೆ ಎಂದು ಸಬಿನೊಗೆ ತಲೆಬುಡ ತಿಳಿಯಲಿಲ್ಲ.

ಏನಾದರೂ ಕೇಳಬೇಕಲ್ಲ ಎಂದು, ಹಡಗಿಗೆ ಕೊಬ್ಬರಿ ಎಷ್ಟು ಮೂಟೆ ಹಾಕುತ್ತೀರಿ ಎಂದು ಕೇಳಿದ.

"ಈ ಸಲ ಒಂದೂ ಇಲ್ಲ," ಎಂದ ಕಸಿಯಾನೊ, ದಂಡೆಯಂಚಿನ ಸಿಮೆಂಟ್ ಕೋಣೆಯ ಕಡೆ ಕೈಬೀಸಿ. "ಎಲ್ಲಾ ನೆಂದುಹೋಯ್ತು. ವಾಸನೆ ಬರ್ತಿದೆ, ಬಾಗಿಲೇ ತೆಗೆಯೋ ಹಾಗಿಲ್ಲ."

ಜಪಾನಿಯರ ಕಾಲದ ಕೋಣೆ ಅದು, ತಗಡಿನ ಬಾಗಿಲು, ಹೊರಗಿನಿಂದ ಬೀಗ. ಊರಿನ ಮನೆ ಮನೆ ಜಾಲಾಡಿದ ಸಬಿನೊ ಕೊಬ್ಬರಿಯ ನಡುವೆ ಮೂಳೆ ಯಾರು ಇಡುತ್ತಾರೆಂದು ಅದೊಂದನ್ನು ಬಿಟ್ಟಿದ್ದ. ಈಗಲೂ ಅಯ್ಯೋ ನಷ್ಟ ಎಂದು ತಲೆಯಾಡಿಸಿ ಮುಂದೆ ನಡೆದುಬಿಟ್ಟ.

*

ದೋಣಿಮನೆಯ ನೆರಳಲ್ಲಿ ರೆಗಿತೆಲ್ ಕಚ್ಚೆಯುಟ್ಟು ಕೂತಿದ್ದ. ಎದುರಿನ ಚಾಪೆಯ ಮೇಲೆ ಮೂವತ್ತೆರಡು ಹವಳದ ಕಲ್ಲುಗಳ ಸುತ್ತು, ದೊಡ್ಡ ಬಳೆಯಂತೆ. ಒಂದೊಂದು ಕಲ್ಲೂ ಒಂದೊಂದು ನಕ್ಷತ್ರ ಹುಟ್ಟುವ, ಮುಳುಗುವ ಜಾಗ. ಕಲಿಯುವವರು ಯಾರೂ ಇಲ್ಲದಿದ್ದರೂ ಅಜ್ಜ ದಿನವೂ ಇದನ್ನು ಜೋಡಿಸುತ್ತಾನೆ.

"ಯಾವ ನಕ್ಷತ್ರ ಹಿಡ್ಕೊಂಡು ಬಂದ್ಯೋ?"

"ಹಡಗಲ್ಲಿ ಬಂದೆ ಅಜ್ಜಾ. ಹಿಡ್ದದ್ದು ಕಪ್ತಾನ."

"ವಾಂತಿ?"

"ಎರಡು ಸಲ."

"ಪರವಾಗಿಲ್ಲ, ಸುಧಾರಿಸಿದೀಯ."

ಸಬಿನೊಗೆ ನಗು ಬಂತು. ಈ ಮುದುಕನನ್ನು ಅವನು ಇಷ್ಟು ವರ್ಷ ಹೆದರಿಕೊಂಡೇ ಪ್ರೀತಿಸಿದ್ದ. ಜೇಬಿನಿಂದ ಹೊಸ ನಾರುಹಗ್ಗ ತೆಗೆದು ಚಾಪೆಯ ಮೇಲೆ ಇಟ್ಟ.

"ನಿನ್ನ ಗಂಟು ಒಂದು ಸಲ ಹಾಕಿ ತೋರ್ಸು. ನೀನೇ ಕದ್ದೆ ಅಂತ ಬರ್ಕೊಂಡು ಎದ್ದು ಹೋಗ್ತೀನಿ."

ಅಜ್ಜ ಹಗ್ಗ ತೆಗೆದುಕೊಂಡ. ಬೆರಳುಗಳಿಗೆ ದಾರಿ ಗೊತ್ತಿತ್ತು. ಒಂದು ಸುತ್ತು, ಒಳಗಿನಿಂದ ಇನ್ನೊಂದು, ಹಿಂದಕ್ಕೆ ಮಡಿಕೆ. ಕೊನೆಗೆ ಬಿಗಿಯಬೇಕಾದಾಗ ಶುಂಠಿಯಂತೆ ಊದಿದ ಗೆಣ್ಣುಗಳು ನಡುಗಿದವು, ಹಗ್ಗ ಜಾರಿತು. ಇನ್ನೊಮ್ಮೆ ಎಳೆದ. ಗಂಟು ಸಡಿಲವಾಗಿ ಬಿಚ್ಚಿ ತೊಡೆಯ ಮೇಲೆ ಬಿತ್ತು.

"ಇವತ್ತು ಕೈ ಊದಿದೆ," ಎಂದ.

"ಆ ದಿನ ಊದಿರ್ಲಿಲ್ವಾ?"

"ಊದಿರ್ಲಿಲ್ಲ."

"ನಿನ್ನ ದೋಣೀಲಿ ಜೇಡ ಸಂಸಾರ ಹೂಡಿದೆ ಅಜ್ಜಾ. ದಂಡೆಯಾಚೆ ಹೇಗೆ ಹೋದೆ?"

"ಈಜಿದೆ."

"ಕೇದಗೆ ತಿಂದದ್ದು ಯಾವ ಹಲ್ಲಲ್ಲಿ?"

ಅಜ್ಜ ತಲೆಯೆತ್ತಿದ. ಕಣ್ಣಿನಲ್ಲಿ ಸಿಟ್ಟು ಇರಲಿಲ್ಲ, ಭಯವಿತ್ತು. ಬಿರುಗಾಳಿಯಲ್ಲೂ ಹಾಯಿ ಇಳಿಸದ ಮನುಷ್ಯನ ಕಣ್ಣಲ್ಲಿ ಸಬಿನೊ ಅದನ್ನು ಎಂದೂ ನೋಡಿರಲಿಲ್ಲ.

"ಲೋ, ಕಳ್ಳನೇ ನಾನು ಕಳ್ಳ ಅಂದ್ರೂ ನಂಬಲ್ಲ ಅಂತೀಯಲ್ಲ, ಇದೆಂಥಾ ಪೊಲೀಸೋ ನೀನು? ಕಲಿಯೋಕೆ ಬಂದಾಗ್ಲೂ ಹೀಗೇ. ಹೇಳಿದ್ದನ್ನ ಕೇಳ್ತಿರ್ಲಿಲ್ಲ."

"ಒಂದು ಕೇಳಿದೆ. ಸುಳ್ಳು ಹೇಳೋನಿಗೆ ಸಮುದ್ರ ದಾರಿ ಬಿಡಲ್ಲ ಅಂತ ಹೇಳಿದ್ದೆ ನೀನು." ಸಬಿನೊ ಕಲ್ಲಿನ ಬಳೆಯನ್ನು ತೋರಿಸಿದ. "ಇದರ ಮೇಲೆ ಕೈಯಿಟ್ಟು ಹೇಳು, ಮೂಳೆ ನೀನೇ ತೆಗೆದದ್ದು ಅಂತ."

ರೆಗಿತೆಲ್‌ನ ಕೈ ಕಲ್ಲುಗಳ ಮೇಲೆ ಬಂತು. ಅಲ್ಲೇ ನಿಂತಿತು. ಆಮೇಲೆ ಅದನ್ನು ಹಿಂದಕ್ಕೆ ತೆಗೆದು ತೊಡೆಯಡಿ ಸೇರಿಸಿಕೊಂಡ.

ಇಷ್ಟೇ ಸಾಕಿತ್ತು. ಅಜ್ಜ ಕದ್ದಿಲ್ಲ. ಆದರೆ ಅದು ತಿಳಿದದ್ದರಿಂದ ಸಬಿನೊನ ಗೊಂದಲ ಎರಡರಷ್ಟಾಯಿತು. ಗಂಟು ಬಲ್ಲವನ ಕೈಯಲ್ಲಿ ಬಲವಿಲ್ಲ. ಬಲವಿದ್ದವನು ಎಂಟು ತಿಂಗಳ ಹಿಂದೆ ಸತ್ತ. ಸತ್ತನೆಂದು ಮೊಹರು ಒತ್ತಿದವನು ತಾನೇ.

"ನನ್ನನ್ನ ಹಡಗು ಹತ್ತಿಸು ಮಗಾ," ಎಂದ ಅಜ್ಜ. ಸ್ವರ ಬೇರೆಯೇ ಆಗಿತ್ತು, ಬೇಡುವ ಸ್ವರ. "ಯಾಕೆ ಅಂತ ಕೇಳ್ಬೇಡ. ಹತ್ತಿಸಿಬಿಡು."

ದೂರದಲ್ಲಿ, ದಂಡೆಯಾಚೆ, ನೀಲಿಯ ಅಂಚಿಗೆ ಹೊಗೆಯ ಸಣ್ಣ ಗೀಟು ಎದ್ದಿತ್ತು. ಹಡಗು ಹೊತ್ತಿಗೆ ಮೊದಲೇ ಬರುತ್ತಿತ್ತು.

ಸಬಿನೊ ಕೈಚೆಲ್ಲಿ ಹೊರಗೆ ನೋಡಿದ. ದೋಣಿಮನೆಯ ಬಳಿ ಹೆಂಗಸರು ಸುಳಿಯುವುದಿಲ್ಲ. ಆದರೆ ದಂಡೆ ಬಾಗಿದ ಕಡೆ, ನೂರು ಹೆಜ್ಜೆ ಆಚೆ, ಊರ ದಾರಿ ಕಾಣುತ್ತದೆ. ಅಲ್ಲಿ ಇನಮಾರ್ ಒಬ್ಬಳೇ ಬರುತ್ತಿದ್ದಳು. ಸೊಂಟದ ಮೇಲೆ ಬುಟ್ಟಿ, ಬೆನ್ನು ನೆಟ್ಟಗೆ. ಹಿಂದೆ ಮುಂದೆ ಯಾರೂ ಇರಲಿಲ್ಲ.

ಕೊಬ್ಬರಿ ಕೋಣೆಯ ಹತ್ತಿರ ಬಂದದ್ದೇ ಅವಳ ಮಂಡಿ ಮಡಚಿತು.

ಏನೋ ಬಿತ್ತೇನೋ, ಹೆಕ್ಕುತ್ತಿದ್ದಾಳೆ ಎಂದುಕೊಂಡ ಸಬಿನೊ. ಅವಳು ಏನೂ ಹೆಕ್ಕಲಿಲ್ಲ. ಬುಟ್ಟಿಯನ್ನು ಮರಳ ಮೇಲಿಟ್ಟಳು, ಎರಡೂ ಮೊಣಕಾಲೂರಿದಳು, ತಲೆ ತಗ್ಗಿಸಿದಳು. ತಗಡಿನ ಬಾಗಿಲ ಮುಂದೆ, ಗೋಡೆಯ ಉದ್ದಕ್ಕೂ, ಬುಟ್ಟಿಯನ್ನು ತಳ್ಳಿಕೊಂಡು ಮೊಣಕಾಲಲ್ಲೇ ಸಾಗಿದಳು. ಗೋಡೆ ಮುಗಿದ ಮೇಲೆ ಎದ್ದಳು. ಮರಳು ಕೊಡವಿಕೊಂಡು, ಏನೂ ಆಗದವಳಂತೆ, ನೆಟ್ಟಗೆ ನಡೆದು ಹೋದಳು. ತಾನು ಮಾಡಿದ್ದು ಅವಳಿಗೇ ಗೊತ್ತಿದ್ದಂತಿರಲಿಲ್ಲ. ಹುಟ್ಟಿದಂದಿನಿಂದ ಕಲಿತ ಕಾಲು ತಾನಾಗಿ ಮಾಡಿತ್ತು.

ಸಬಿನೊ ಎದ್ದು ನಿಂತಿದ್ದ. ಯಾವಾಗ ಎದ್ದನೋ ಅವನಿಗೂ ತಿಳಿಯದು. ಬೆಳಿಗ್ಗೆ ತರೇಸಿಯಾಳಿಗೆಂದು ಎದ್ದ ಮೈ ಈಗಲೂ ತಾನಾಗಿ ಎದ್ದಿತ್ತು.

ಹೆಣ್ಣುಮಗಳು ಹಾಗೆ ಬಗ್ಗುವುದು ಅಣ್ಣ ಕೂತಿದ್ದರೆ ಮಾತ್ರ. ಅವಳಿಗೆ ಇದ್ದವನು ಒಬ್ಬನೇ ಅಣ್ಣ.

ಐದು ವಾರ ಮಳೆಯಿಲ್ಲದ ದ್ವೀಪದಲ್ಲಿ ಕೊಬ್ಬರಿ ನೆಂದದ್ದು ಹೇಗೆ ಎಂಬುದೂ ಆಗಲೇ ಅವನ ತಲೆಗೆ ಹೊಳೆದದ್ದು. ಬೀಗ ಇರುವುದು ಹೊರಗಿನಿಂದ. ಬೀಗದಕೈ ಕಸಿಯಾನೊನ ಸೊಂಟದಲ್ಲಿದೆ. ಕೇದಗೆ ಅಗಿದ ಹಲ್ಲೂ, ಪೆಟ್ಟಿಗೆಯ ಗಂಟು ಬಿಗಿದ ಕೈಯೂ ಆ ಬಾಗಿಲ ಹಿಂದೆಯೇ ಇವೆ.

ತಿರುಗಿ ನೋಡಿದರೆ ಅಜ್ಜ ಅವನನ್ನೇ ದಿಟ್ಟಿಸುತ್ತಿದ್ದ. ಅವನ ಕೈ ತಗಲಿ ಬಳೆಯ ಕಲ್ಲುಗಳು ಚೆಲ್ಲಾಪಿಲ್ಲಿಯಾಗಿದ್ದವು.

"ಬದುಕಿದಾನಾ?" ಎಂದ ಸಬಿನೊ. ಅವನ ಸ್ವರ ಅವನಿಗೇ ಕೇಳಿಸಲಿಲ್ಲ.

"ನಾನು ಹಡಗು ಹತ್ತಿದ್ರೆ ಬದುಕ್ತಾನೆ," ಎಂದ ರೆಗಿತೆಲ್. "ಹಡಗು ಕಣ್ಮರೆಯಾದ ಮೇಲೆ ಬಾಗಿಲು ತೆಗೀತೀನಿ ಅಂದಿದಾನೆ ಕಸಿಯಾನೊ. ನೀನು ಏನೂ ನೋಡಿಲ್ಲ ಮಗಾ. ದಮ್ಮಯ್ಯ ಅಂತೀನಿ, ಏನೂ ನೋಡಿಲ್ಲ."

ಹಡಗಿನ ಕೂಗು ದಂಡೆಯ ಮೇಲೆ ಹಾದು ಬಂತು. ಅದರ ಹಿಂದೆಯೇ ಊರ ದಾರಿಯಲ್ಲಿ ಕಸಿಯಾನೊ ಕಾಣಿಸಿಕೊಂಡ. ಮುದುಕನನ್ನು ದೋಣಿಗೆ ಇಳಿಸಲು ಇಬ್ಬರು ಗಟ್ಟಿ ಆಳುಗಳೂ ಜೊತೆಗಿದ್ದರು. ದೂರದಿಂದಲೇ ಕೈಯೆತ್ತಿ ನಕ್ಕ. ಸಬಿನೊ ಕಷ್ಟಪಟ್ಟು ತಾನೂ ಕೈಯೆತ್ತಿದ.

ಕೊಬ್ಬರಿ ಕೋಣೆಯ ಮುಂದೆ ಬಂದ ಕಸಿಯಾನೊ ನಿಂತುಬಿಟ್ಟ. ಬಾಗಿಲ ಮುಂದಿನ ಒಣ ಮರಳಿನಲ್ಲಿ ಬುಟ್ಟಿ ಎಳೆದ ಗೆರೆ, ಅದರ ಪಕ್ಕದಲ್ಲಿ ಎರಡು ಮೊಣಕಾಲಿನ ಸಾಲು. ಅವನು ಬಗ್ಗಿ ಅದನ್ನೇ ನೋಡಿದ. ಅವನೂ ಇದೇ ಊರಿನವನು, ಆ ಗುರುತನ್ನು ಯಾರೂ ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಕಸಿಯಾನೊ ನಿಧಾನವಾಗಿ ತಲೆಯೆತ್ತಿ ದೋಣಿಮನೆಯ ಕಡೆ ನೋಡಿದ. ಈಗ ಅವನು ನಗುತ್ತಿರಲಿಲ್ಲ. ಕೈ ಸೊಂಟದ ಬೀಗದಕೈಯ ಮೇಲಿತ್ತು.